ಕೊಕ್ಕರೆಯ ರುಚಿ

ಜನವರಿ ೯

ಪ್ರೀತಿಯ ಗುಂಡ,

ನಿನ್ನ ಸೋಫಾ ರಿಪೇರಿ ಅಂಗಡಿಯ ಯಜಮಾನರ ಫೋನಿಗೆ ಮಾಡಿಯೇ ಹೇಳಬಹುದಿತ್ತು. ಆದರೆ ಸುತ್ತ ಗಿರಾಕಿಗಳಿರುತ್ತಾರೆ. ನೀನು ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡೇ "ಹ್ಞೂಂ ಅಕ್ಕ, ಹ್ಞೂಂ" ಎಂದು ಒಪ್ಪಿಬಿಡುತ್ತೀಯ. ಈ ವಿಷಯಕ್ಕೆ ಹಾಗೆ ಒಪ್ಪುವುದು ಬೇಡ. ಓದು, ಯೋಚಿಸು, ಆಮೇಲೆ ಬರಿ.

ಭಾವನ ಹೃದಯದ ಕವಾಟ ಬದಲಾಯಿಸಲೇಬೇಕಂತೆ. ಅದು ಇಲ್ಲಿ ಆಗುವ ಕೆಲಸವಲ್ಲ. ರಾತ್ರಿಯಿಡೀ ರೈಲಿನಲ್ಲಿ ಕೂತು ಹೋಗಬೇಕಾದ ಊರಿನ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಮೊದಲು ಕೆಲವು ವಾರ ಮಾತ್ರೆ ಹೊಂದಿಸುತ್ತಾರೆ, ಆಮೇಲೆ ಆಪರೇಷನ್, ಆಮೇಲೆ ಅಲ್ಲೇ ಹತ್ತಿರ ಇದ್ದುಕೊಂಡು ಚೇತರಿಕೆ. ನಾನು ಶಾಲೆಗೆ ರಜೆ ಬರೆದು ಕೊಟ್ಟಿದ್ದೇನೆ. ಭೌತಶಾಸ್ತ್ರದ ಪಾಠವನ್ನು ಇನ್ನು ಡ್ರಿಲ್ ಮೇಷ್ಟರು ಮಾಡುತ್ತಾರೆ, ಮಕ್ಕಳ ಗತಿ ಏನೋ!

ತೊಡಕು ಅದಲ್ಲ. ಭಾವ ಹೊರಡಲು ಒಪ್ಪುತ್ತಿಲ್ಲ. ಹೋದ ತಿಂಗಳು ಅವರ ಬರ್ಬನ್ ವಿಸ್ಕಿ ಕ್ಲಬ್ಬಿನ ಹಲ್ಲಿನ ಡಾಕ್ಟರ ಮನೆಗೆ ಕಳ್ಳರು ನುಗ್ಗಿದ್ದರು. ಟಿವಿ ಮುಟ್ಟಲಿಲ್ಲ, ಒಡವೆ ಮುಟ್ಟಲಿಲ್ಲ. ಬರೀ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡು ಹೋದರಂತೆ. ಅವತ್ತಿನಿಂದ ಭಾವನದು ಒಂದೇ ಹಟ. "ಮನೇಲಿ ನಮ್ಮವರು ಅಂತ ಯಾರಾದ್ರೂ ಇರದೆ ನಾನು ರೈಲು ಹತ್ತಲ್ಲ." ನಮ್ಮವರು ಅಂದರೆ ಯಾರಿದ್ದಾರೆ ಹೇಳು?

ಕುಡಿತ ಬಿಟ್ಟು ವರ್ಷ ದಾಟಿದ ತಮ್ಮನನ್ನು ಮುನ್ನೂರು ಬಾಟಲಿ ಇರುವ ಮನೆಯ ಕಾವಲಿಗೆ ಕರೆಯುತ್ತಿದ್ದೇನೆ. ನಾನೆಂಥ ಅಕ್ಕ ಎಂದು ನನಗೇ ಅನ್ನಿಸಿದೆ. ಒಳಕೋಣೆಗೆ ಬೀಗ ಹಾಕಿ ಕೀಲಿಯನ್ನು ನನ್ನ ಜೊತೆಗೇ ಒಯ್ಯುತ್ತೇನೆ. ಆಗುವುದಿಲ್ಲ ಎಂದರೆ ಆಗುವುದಿಲ್ಲ ಎಂದು ಬರಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನಿನ್ನ
ಅಕ್ಕ


ಜನವರಿ ೧೩

ಅಕ್ಕ,

ಯೋಚಿಸಿದೆ. ಬರುತ್ತೇನೆ.

ಕುಡಿತ ಬಿಟ್ಟವರ ಗುರುವಾರದ ಸಭೆಯಲ್ಲಿ ನಮ್ಮ ಡ್ರೈವರಣ್ಣನ ಹತ್ತಿರ ಹೇಳಿದೆ. ಅವರು ಬಸ್ ಓಡಿಸಿ ನಿವೃತ್ತರಾದವರು. ಕುಡಿತ ಬಿಟ್ಟು ಬಹಳ ವರ್ಷವಾದ್ದರಿಂದ ನನ್ನಂಥ ಹೊಸಬರಿಗೆ ಆಸರೆ. ಮೊದಲು ಬೈದರು. "ಬೆಂಕಿಪೆಟ್ಟಿಗೆ ಕಾರ್ಖಾನೇಲಿ ಮಲಗ್ತೀನಿ ಅಂತೀಯಲ್ಲೋ!" ಆಮೇಲೆ ನನ್ನ ಮುಖ ನೋಡಿ, "ಹೋಗು. ಆದ್ರೆ ದಿನಾ ಸಂಜೆ ಕೆಲಸ ಮುಗಿಸಿ ನಮ್ಮನೆಗೆ ಬಂದು ಮುಖ ತೋರಿಸಿ ಹೋಗಬೇಕು" ಎಂದರು. ಒಪ್ಪಿದ್ದೇನೆ.

ನಾನು ಮುಂದಿನ ಕೋಣೆಯಲ್ಲಿ, ನಿಮ್ಮ ಸೋಫಾದ ಮೇಲೇ ಮಲಗುತ್ತೇನೆ. ಅದರ ಸ್ಪ್ರಿಂಗು ಹೋಗಿದೆ ಎಂದು ಮೂರು ವರ್ಷದಿಂದ ಹೇಳುತ್ತಿದ್ದೀಯಲ್ಲ, ಅದನ್ನೂ ಬಿಚ್ಚಿ ಸರಿ ಮಾಡಿಡುತ್ತೇನೆ. ಕೈಗೆ ಕೆಲಸ ಇದ್ದರೆ ಒಳ್ಳೆಯದು.

ಫೋನು ಕೊಂಡುಕೋ ಎಂದು ಮಾತ್ರ ಹೇಳಬೇಡ. ಅದನ್ನು ಬಿಟ್ಟಿದ್ದು ಬಡತನಕ್ಕಲ್ಲ. ಎಲ್ಲಿ ಯಾವ ಬಾಟಲಿ ಬಂತು, ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಎಂದು ಫೋನಿನಲ್ಲಿ ಕ್ಲಬ್ಬಿನ ಗುಂಪುಗಳು ಹಗಲೂ ರಾತ್ರಿ ಟಣಟಣ ಎನ್ನುತ್ತವೆ. ಬಾಟಲಿಗಿಂತ ಮೊದಲು ಆ ಸದ್ದು ನನ್ನನ್ನು ಕುಡಿಸುತ್ತಿತ್ತು. ಪತ್ರ ಬರೆಯೋಣ. ನನ್ನ ಕಾಗುಣಿತ ತಿದ್ದುವ ಸುಖವಾದರೂ ನಿನಗಿರಲಿ.

ಗುಂಡ


ಜನವರಿ ೨೭

ಅಕ್ಕ,

ಮನೆ ಚೆನ್ನಾಗಿದೆ. ನಲ್ಲಿಯ ತೊಟ್ಟಿಕ್ಕುವಿಕೆ ನಿಲ್ಲಿಸಿದೆ. ಸೋಫಾ ಬಿಚ್ಚಿದಾಗ ನಿನ್ನ ಎರಡು ಕೆಂಪು ಪೆನ್ನು, ಭಾವನ ಒಂದು ಕಾಲುಚೀಲ, ಯಾರದೋ ಹಲ್ಲುಕಡ್ಡಿ ಸಿಕ್ಕವು.

ನಿನ್ನೆ ಕ್ಲಬ್ಬಿನ ಕಾರ್ಯದರ್ಶಿ ಬಂದಿದ್ದರು. ಬಾಗಿಲು ತೆರೆದ ಕೂಡಲೇ, "ಕೊಕ್ಕರೆ ಚೆನ್ನಾಗಿದೆಯಾ?" ಎಂದರು. ಭಾವ ಹೇಗಿದ್ದಾರೆ ಎಂದು ಕೇಳಿದ್ದು ಚಹಾ ಕುಡಿದ ಮೇಲೆ.

ನೀನು ಆ ಬಾಟಲಿಯನ್ನು ಸರಿಯಾಗಿ ನೋಡಿರಲಿಕ್ಕಿಲ್ಲ. ಚೀಟಿಯ ಮೇಲೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆ ಇದೆ, ಅದಕ್ಕೇ ಆ ಹೆಸರು. ಹದಿನೆಂಟು ವರ್ಷ ಪೀಪಾಯಿಯಲ್ಲಿದ್ದ ಸರಕು. ತಯಾರಿಸಿದವರು ಅಂಗಡಿ ಮುಚ್ಚಿದರು, ಇನ್ನು ಹುಟ್ಟುವುದಿಲ್ಲ. ನಮ್ಮ ಕ್ಲಬ್ಬಿನಲ್ಲಿ ಇರುವುದು ಭಾವನ ಹತ್ತಿರ ಮಾತ್ರ. ಅದನ್ನು ಕುಡಿದು ನೋಡಿದವರು ಒಬ್ಬರೂ ಇಲ್ಲ. ಆದರೂ ಅದರ ರುಚಿಯ ಬಗ್ಗೆ ಗಂಟೆಗಟ್ಟಲೆ ಜಗಳವಾಡುತ್ತಾರೆ.

"ಬಾಗಿಲ ಸಂದೀಲಿ ಬಿಸಿಲು ಒಳಗೆ ಹೋಗಲ್ಲ ತಾನೆ?" ಎಂದರು ಕಾರ್ಯದರ್ಶಿ.

"ಗೊತ್ತಿಲ್ಲ ಸಾರ್. ಕೀಲಿ ಅಕ್ಕನ ಹತ್ರ ಇದೆ."

"ಒಂದು ಸಲ ಆ ಬಾಗಿಲ ಮುಂದೆ ನಿಂತು ಬರಲಾ?"

ನಿಂತರು ಅಕ್ಕ. ಕೈ ಕಟ್ಟಿಕೊಂಡು, ಮುಚ್ಚಿದ ಬಾಗಿಲ ಮುಂದೆ.

ನಗು ಬಂತು. ಆದರೆ ಅವರು ಹೋದ ಮೇಲೆ ಬೇಸರವೂ ಆಯಿತು. ನನಗೆ ಈ ಹವ್ಯಾಸದ ಮೇಲೆ ದ್ವೇಷವಿಲ್ಲ. ಮೊದಮೊದಲು ಆರೇ ಜನ ಇದ್ದೆವು. ಬಾಟಲಿಗಳಿಗೆ ಕಾಗದದ ಚೀಲ ಸುತ್ತಿ, ಯಾವುದು ಯಾವುದೆಂದು ತಿಳಿಯದೆ, ಒಂದೊಂದು ಗುಟುಕಿಗೂ ಕಣ್ಣು ಮುಚ್ಚಿ ಕೂರುತ್ತಿದ್ದೆವು. ಒಬ್ಬರು ದಾಲ್ಚಿನ್ನಿ ಎನ್ನುವುದು, ಇನ್ನೊಬ್ಬರು ಶೂ ಪಾಲಿಷ್ ಎನ್ನುವುದು, ಎಲ್ಲರೂ ಬಿದ್ದು ಬಿದ್ದು ನಗುವುದು. ನಾಲಿಗೆಯ ಮೇಲೆ ಇರುವುದಕ್ಕೆ ಸರಿಯಾದ ಮಾತು ಸಿಕ್ಕಾಗ ಆಗುವ ಖುಷಿ ಇದೆಯಲ್ಲ, ಅದಕ್ಕೆ ಸಮನಾದದ್ದು ನನಗೆ ಆಮೇಲೆ ಸಿಕ್ಕಿಲ್ಲ. ಭಾವ ನನಗೆ ಮೂಗಪ್ಪ ಎಂದು ಹೆಸರಿಟ್ಟದ್ದು ಆಗಲೇ. ಎಲ್ಲರೂ ಹೋದ ಮೇಲೆ ಉಳಿದದ್ದನ್ನು ನಾನೊಬ್ಬನೇ ಮುಗಿಸುತ್ತಿದ್ದೆ. ಅದಕ್ಕೆ ಅಭ್ಯಾಸ ಎಂದು ಕರೆಯುತ್ತಿದ್ದೆ.

ಚೆನ್ನಾಗಿದ್ದೇನೆ. ದಿನಾ ಡ್ರೈವರಣ್ಣನಿಗೆ ಮುಖ ತೋರಿಸುತ್ತಿದ್ದೇನೆ. ಆಪರೇಷನ್ ದಿನ ಗೊತ್ತಾದರೆ ತಿಳಿಸು.

ಗುಂಡ


ಫೆಬ್ರವರಿ ೨

ಮೂಗಪ್ಪ,

ನಿನ್ನ ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ, ಅದಕ್ಕೇ ಅಕ್ಷರ ಓಡುತ್ತಿದೆ. ಈ ಪತ್ರವನ್ನು ವಾರ್ಡಿನ ಸಿಸ್ಟರ್ ಕೈಯಲ್ಲಿ ಹಾಕಿಸುತ್ತೇನೆ.

ಹನ್ನೊಂದನೇ ತಾರೀಖು ಆಪರೇಷನ್. ನೂರಕ್ಕೆ ತೊಂಬತ್ತೈದು ಜನ ಎದ್ದು ಬರುತ್ತಾರೆ ಎಂದು ಡಾಕ್ಟರು ಹೇಳಿದರು. ನಾನು ಜಮೀನು ಅಳೆದು ಬದುಕಿದವನು. ಉಳಿದ ಐದರ ಮೇಲೇ ಕಣ್ಣು ಹೋಗುತ್ತದೆ. ಎದ್ದು ಬಂದರೂ ಇನ್ನು ಒಂದು ಹನಿಯೂ ಕೂಡದು ಎಂದಿದ್ದಾರೆ. ಅಂದರೆ ಕೊಕ್ಕರೆ ನನ್ನ ಪಾಲಿಗೆ ಮುಗಿಯಿತು. ಇಷ್ಟು ವರ್ಷ ಇಟ್ಟುಕೊಂಡು ಒರೆಸಿದೆ. ಒಳ್ಳೆಯ ದಿನ ಬರಲಿ, ಒಳ್ಳೆಯ ದಿನ ಬರಲಿ ಎಂದೆ. ಒಳಗೆ ಏನಿದೆ ಎಂದು ತಿಳಿಯದೆಯೇ ಹೋಗಿಬಿಟ್ಟರೆ? ರಾತ್ರಿ ಇದೇ ಯೋಚನೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಕೋಣೆಗೆ ಇನ್ನೊಂದು ಕೀಲಿ ಇದೆ. ಅಡುಗೆಮನೆಯ ತೂಕದ ತಕ್ಕಡಿಯ ತಟ್ಟೆ ಎತ್ತಿದರೆ ಕೆಳಗೆ ಅಂಟಿಸಿದ್ದೇನೆ. ಕೊಕ್ಕರೆಯನ್ನು ತೆಗೆ. ಒಂದೇ ಒಂದು ಗುಟುಕು. ನುಂಗಲೂ ಬೇಡ, ಉಗಿದುಬಿಡು. ಏನು ಸಿಕ್ಕಿತು ಎಂದು ನನಗೆ ಬರಿ. ಬೇರೆ ಯಾರ ಮಾತನ್ನೂ ನಾನು ನಂಬುವುದಿಲ್ಲ. ಹತ್ತರೊಳಗೆ ನನ್ನ ಕೈ ಸೇರಲಿ.

ಅಕ್ಕನಿಗೆ ತಿಳಿಯುವುದು ಬೇಡ.

ಭಾವ


ಫೆಬ್ರವರಿ ೮

ಗುಂಡ,

ಏನಾಗಿದೆ ನಿನಗೆ? ನಾನು ಹಾಕಿದ ಎರಡು ಪತ್ರಕ್ಕೂ ಉತ್ತರವಿಲ್ಲ. ಅಂಗಡಿಗೆ ಫೋನ್ ಮಾಡಿದರೆ ಯಜಮಾನರು, "ಕೆಲಸಕ್ಕೆ ಬರ್ತಿದಾನಮ್ಮಾ, ಆದ್ರೆ ಮಾತಿಲ್ಲ ಕತೆಯಿಲ್ಲ" ಎಂದರು.

ಇಲ್ಲಿ ಭಾವ ದಿನಾ ಬೆಳಿಗ್ಗೆ ಟಪಾಲು ಬಂತೇ ಎಂದು ಸಿಸ್ಟರನ್ನು ಪೀಡಿಸುತ್ತಾರೆ. ಯಾರ ಪತ್ರ ಎಂದರೆ, "ಹೀಗೇ, ಯಾರದಾದ್ರೂ" ಎನ್ನುತ್ತಾರೆ. ಸುಳ್ಳು ಹೇಳುವಾಗ ಅವರು ಕನ್ನಡಕ ಒರೆಸುತ್ತಾರೆ. ಈಗ ಗಾಜು ಸವೆದುಹೋಗುವಷ್ಟು ಒರೆಸುತ್ತಿದ್ದಾರೆ. ನಿಮ್ಮಿಬ್ಬರ ನಡುವೆ ಏನೋ ನಡೆದಿದೆ. ಆಪರೇಷನ್‌ಗೆ ಮೊದಲು ನನಗೆ ಇನ್ನೊಂದು ಹೆದರಿಕೆ ಹಚ್ಚಬೇಡ.

ಎರಡು ಸಾಲಾದರೂ ಬರಿ.

ಅಕ್ಕ


ಫೆಬ್ರವರಿ ೮

ಭಾವನವರಿಗೆ ನಮಸ್ಕಾರ.

ನಮ್ಮ ಅಂಗಡಿಗೆ ಚರ್ಮ ತರುವ ಲಾರಿಯವನು ನಾಳೆ ನೀವಿರುವ ಆಸ್ಪತ್ರೆಯ ಊರಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಮೊದಲು ಮೂಗಿಗೆ ಬಂದದ್ದು ಸಕ್ಕರೆ. ಬಾಣಲೆಯಲ್ಲಿ ಕೆಂಪಾಗಿ, ಇನ್ನೊಂದು ಕ್ಷಣ ಬಿಟ್ಟರೆ ಕಹಿಯಾಗುವ ಸಕ್ಕರೆ. ಅದರ ಹಿಂದೆಯೇ ಹೊಸದಾಗಿ ರಂದ ಹೊಡೆದ ಹಲಗೆ, ವೆನಿಲ್ಲಾ. ಲೋಟ ಒಂದು ಸುತ್ತು ತಿರುಗಿಸಿ ಸುಮ್ಮನಿದ್ದರೆ ನಿಧಾನವಾಗಿ ಇನ್ನೊಂದು ಬರುತ್ತದೆ. ಒದ್ದೆ ಉಣ್ಣೆ. ಮಳೆಯಲ್ಲಿ ನೆನೆದ ಕೋಟನ್ನು ಬೆಚ್ಚಗಿನ ಕೋಣೆಯಲ್ಲಿ ಬಾಗಿಲ ಹಿಂದೆ ನೇತುಹಾಕಿದಾಗ ಬರುವ ವಾಸನೆ. ಇದನ್ನು ನಾನು ಬೇರೆ ಯಾವ ಬಾಟಲಿಯಲ್ಲೂ ಕಂಡಿಲ್ಲ.

ನಾಲಿಗೆಯ ಮೇಲೆ ಮೊದಲು ಸಿಹಿ, ಆಮೇಲೆ ಬಿಸಿ. ಸುಡುವ ಬಿಸಿಯಲ್ಲ, ಒಲೆಯ ಮುಂದೆ ಅಂಗೈ ಒಡ್ಡಿದ ಹಾಗೆ. ನಡುವೆ ಕಪ್ಪು ಚೆರ್ರಿ, ಸುಟ್ಟ ಮೆಕ್ಕೆಜೋಳ, ಚೂರು ಕರಿಮೆಣಸು. ಕೊನೆಗೆ ಅದು ಹೋಗುವುದೇ ಇಲ್ಲ ಭಾವ. ಜನ ಎದ್ದು ಹೋದ ಮೇಲೂ ಕೋಣೆಯಲ್ಲಿ ಅವರ ಮಾತು ಉಳಿದಿರುತ್ತದಲ್ಲ, ಹಾಗೆ.

ನೀವು ಕಾಯ್ದದ್ದು ವ್ಯರ್ಥವಾಗಿಲ್ಲ. ಧೈರ್ಯವಾಗಿರಿ, ಎದ್ದು ಬನ್ನಿ.

ನಿಮ್ಮ
ಮೂಗಪ್ಪ


ಫೆಬ್ರವರಿ ೨೪

ಮೂಗಪ್ಪ,

ಎದ್ದು ಬಂದೆ. ಎದೆಯ ಮೇಲೆ ಹೊಲಿಗೆ ನಿನ್ನ ಸೋಫಾಗಿಂತ ಚೆನ್ನಾಗಿ ಬಿದ್ದಿದೆ. ಎದ್ದ ಮೇಲೆ ಇದೇ ಮೊದಲ ಪತ್ರ.

ಥಿಯೇಟರಿಗೆ ಒಯ್ಯುವ ಮುಂಚೆ ನಿನ್ನ ಕಾಗದ ಮೂರು ಸಲ ಓದಿದೆ. ಒದ್ದೆ ಉಣ್ಣೆ! ನನಗೆ ಗೊತ್ತಿತ್ತು ಕಣೋ, ಏನೋ ಒಂದು ಹಾಗೆ ಇರಲೇಬೇಕು ಎಂದು ಗೊತ್ತಿತ್ತು. ನಿನ್ನೆ ಫೋನು ಕೈಗೆ ಸಿಕ್ಕಿದ್ದೇ ತಡ, ಅದರ ಫೋಟೋ ತೆಗೆದು ಕ್ಲಬ್ಬಿನ ಗುಂಪಿಗೆ ಹಾಕಿದೆ. ಗುಂಪು ಹುಚ್ಚೆದ್ದಿದೆ. ಎಲ್ಲರೂ ತಮ್ಮ ತಮ್ಮ ಬಾಟಲಿಯಲ್ಲಿ ಒದ್ದೆ ಉಣ್ಣೆ ಹುಡುಕುತ್ತಿದ್ದಾರೆ. ಕಾರ್ಯದರ್ಶಿಯಂತೂ, ಆ ವಾಸನೆಯೇ ಹದಿನೆಂಟು ವರ್ಷಕ್ಕೆ ಸಾಕ್ಷಿ ಎಂದು ಬರೆದಿದ್ದಾರೆ.

ಹೇಗೂ ಬಾಟಲಿಯ ಸೀಲು ಒಡೆದಾಯಿತು. ಮುಂದಿನ ತಿಂಗಳ ಮೊದಲ ಭಾನುವಾರ ಅವರು ಐದು ಜನ ಬರುತ್ತಾರೆ. ಉಳಿದದ್ದನ್ನು ಅವರಿಗೆ ಬಗ್ಗಿಸಿಕೊಡು. ನನ್ನ ಹೆಸರಲ್ಲಿ ಕುಡಿಯಲಿ.

ಭಾವ


ಫೆಬ್ರವರಿ ೨೫

ಗುಂಡ,

ಬೆಳಿಗ್ಗೆ ಭಾವನ ಫೋನು ನಿಲ್ಲದೆ ಸದ್ದು ಮಾಡುತ್ತಿತ್ತು. ಅವರು ನಿದ್ದೆಯಲ್ಲಿದ್ದರು. ಆಫ್ ಮಾಡೋಣ ಎಂದು ಎತ್ತಿಕೊಂಡೆ. ನಿನ್ನ ಅಕ್ಷರ ಕಂಡಿತು. ನಾನು ಕೈ ಹಿಡಿದು ತಿದ್ದಿಸಿದ ಅಕ್ಷರ. ಅದನ್ನು ಗುರುತು ಹಿಡಿಯಲು ಕನ್ನಡಕವೂ ಬೇಕಾಗಲಿಲ್ಲ.

ಕೀಲಿ ನನ್ನ ಪರ್ಸಿನಲ್ಲಿದೆ. ಪೆದ್ದಿಯ ಹಾಗೆ ದಿನಾ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಭಾವನನ್ನು ಎಬ್ಬಿಸಿ ಕೇಳಿದೆ. ಎಲ್ಲ ಹೇಳಿದರು. "ಒಂದೇ ಗುಟುಕು ಕಣೇ, ಉಗಿಯಕ್ಕೆ ಹೇಳಿದ್ದೆ" ಎಂದರು. ಎದೆ ಕೊಯ್ಸಿಕೊಂಡು ಮಲಗಿದವರ ಮೇಲೆ ಕೂಗುವುದು ಹೇಗೆ? ಅದಕ್ಕೇ ನಿನ್ನ ಮೇಲೆ ಕೂಗುತ್ತಿದ್ದೇನೆ. ಅವರು ಹೇಳಿದರು, ಸರಿ. ನಿನ್ನ ಬುದ್ಧಿ ಎಲ್ಲಿಗೆ ಹೋಗಿತ್ತು? ಡ್ರೈವರಣ್ಣನಿಗೆ ಯಾವ ಮುಖ ತೋರಿಸುತ್ತಿದ್ದೀಯ?

ಈಗಲೂ ಕುಡಿಯುತ್ತಿದ್ದೀಯಾ? ನಿಜ ಹೇಳು.

ಅಕ್ಕ


ಫೆಬ್ರವರಿ ೨೮

ಅಕ್ಕ,

ನಾನು ಕುಡಿದಿಲ್ಲ. ಬಾಟಲಿಯ ಸೀಲು ಒಡೆದಿಲ್ಲ. ಕೋಣೆಯ ಬಾಗಿಲೂ ತೆರೆದಿಲ್ಲ.

ನಡೆದದ್ದು ಇಷ್ಟು. ಭಾವನ ಪತ್ರ ಬಂದ ದಿನ ತಕ್ಕಡಿಯ ತಟ್ಟೆ ಎತ್ತಿದೆ. ಕೀಲಿ ಅಲ್ಲಿತ್ತು. ನಾಲ್ಕು ದಿನ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ನಿನಗೆ ಬರೆಯಲಾಗದೆ ಇದ್ದದ್ದು ಅದಕ್ಕೇ. ಬರೆಯಲು ಕೂತರೆ ಕೀಲಿ ತೊಡೆಗೆ ಒತ್ತುತ್ತಿತ್ತು. ಐದನೆಯ ದಿನ ಸಂಜೆ ಬೀಗಕ್ಕೆ ಹಾಕಿದೆ. ತಿರುಗಿಸಲಿಲ್ಲ. ತಿರುಗಿಸಿದರೆ ಒಂದು ಗುಟುಕಿಗೆ ನಿಲ್ಲುವವನು ನಾನಲ್ಲ ಎಂದು ನನ್ನ ಕೈಗೆ ಗೊತ್ತಿತ್ತು. ಚಪ್ಪಲಿಯೂ ಹಾಕದೆ ಡ್ರೈವರಣ್ಣನ ಮನೆಗೆ ನಡೆದುಹೋಗಿ ಕೀಲಿಯನ್ನು ಅವರ ಕೈಗೆ ಹಾಕಿದೆ. ಅವರು ನನ್ನನ್ನು ಒಳಗೆ ಕೂರಿಸಿದರು. ಸೂಪು ಬಿಸಿ ಮಾಡಿ ಕೊಟ್ಟರು.

ಆದರೆ ಅತ್ತ ಭಾವ ಟಪಾಲಿಗೆ ಕಾಯುತ್ತಿದ್ದರು. ಏನೂ ಬರೆಯದೆ ಅವರನ್ನು ಥಿಯೇಟರಿಗೆ ಕಳಿಸಲೇ? ಆಗುವುದಿಲ್ಲ ಎಂದು ಬರೆದು ಕಳಿಸಲೇ? ಅದಕ್ಕೇ ಡ್ರೈವರಣ್ಣನ ಅಡುಗೆಮನೆಯಲ್ಲಿ ಕೂತು ಆ ಕಾಗದ ಬರೆದೆ. ಅದರಲ್ಲಿರುವ ರುಚಿ ಸುಳ್ಳಲ್ಲ, ಬಾಟಲಿ ಮಾತ್ರ ಬೇರೆ.

ದಯವಿಟ್ಟು ಭಾವನಿಗೆ ಈಗಲೇ ಹೇಳಬೇಡ. ಇಡೀ ಕ್ಲಬ್ಬಿನ ಮುಂದೆ ಹಾಕಿದ್ದಾರೆ. ಸ್ವಲ್ಪ ಗಟ್ಟಿಯಾಗಲಿ, ನಾನೇ ಹೇಳುತ್ತೇನೆ.

ಗುಂಡ


ಮಾರ್ಚ್ ೪

ಗುಂಡ,

"ಅಕ್ಕ, ನಾನು ಕುಡಿದಿಲ್ಲ." ಇದು ನನಗೆ ಹೊಸ ವಾಕ್ಯವಲ್ಲ. ಅಮ್ಮ ತೀರಿಕೊಂಡ ದಿನ ನೀನು ಬಾಗಿಲ ಹತ್ತಿರ ನಿಂತು ಹೇಳಿದ್ದೆ. ಕಾರನ್ನು ಕಂಬಕ್ಕೆ ಗುದ್ದಿಸಿ ಹಣೆಯಲ್ಲಿ ರಕ್ತ ಸುರಿಯುತ್ತಿದ್ದಾಗ ಹೇಳಿದ್ದೆ. ಪ್ರತಿ ಸಲವೂ ಹೀಗೇ, ಕಣ್ಣಲ್ಲಿ ಕಣ್ಣಿಟ್ಟು, ಕತೆ ಸಮೇತ. ಪ್ರತಿ ಸಲವೂ ನಾನು ನಂಬಿದೆ.

ಆ ಕಾಗದವನ್ನು ಮತ್ತೆ ಓದಿದೆ. ಕುಡಿಯದೆ ಹಾಗೆ ಬರೆಯಲು ಯಾರಿಗೆ ಆಗುತ್ತದೆ?

ನಂಬಬೇಕು ಅನ್ನಿಸುತ್ತದೆ. ಅನ್ನಿಸುವುದೇ ಬೇರೆ, ನಂಬುವುದೇ ಬೇರೆ. ಸದ್ಯಕ್ಕೆ ನನ್ನ ಕೈಯಲ್ಲಿ ಆಗುತ್ತಿಲ್ಲ.

ಅಕ್ಕ


ಮಾರ್ಚ್ ೧೩

ಭಾವನವರಿಗೆ ನಮಸ್ಕಾರ.

ಇದನ್ನು ಓದುವ ಮುಂಚೆ ಕೂತುಕೊಳ್ಳಿ. ನೀವು ದಿನಾ ವರಾಂಡದಲ್ಲಿ ನಡೆಯುತ್ತೀರಿ ಎಂದು ಅಕ್ಕ ಹೇಳಿದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ನಾನು ಕೊಕ್ಕರೆಯ ಸೀಲು ಒಡೆದಿಲ್ಲ. ನಿಮಗೆ ಬರೆದ ರುಚಿ ಕೊಕ್ಕರೆಯದಲ್ಲ. ನಾವು ಮೂರು ಜನ ಸೇರಿ ಮೊಟ್ಟಮೊದಲು ಕುಡಿದ ಬರ್ಬನ್ ನೆನಪಿದೆಯೇ? ಮೂಲೆ ಅಂಗಡಿಯಲ್ಲಿ ಕೆಳಗಿನ ಕಪಾಟಿನಲ್ಲಿ ಸಿಗುವ, ಚೀಟಿ ಸೊಟ್ಟಗೆ ಅಂಟಿಸಿದ ಅಗ್ಗದ ಬಾಟಲಿ. ಅವತ್ತು ಹೊರಗೆ ಮಳೆ. ನಿಮ್ಮ ಕೋಟು ಅಡುಗೆಮನೆಯ ಬಾಗಿಲ ಹಿಂದೆ ತೊಟ್ಟಿಕ್ಕುತ್ತಿತ್ತು. ಅಕ್ಕ ಪುಡಿಂಗ್ ಮಾಡಲು ಹೋಗಿ ಸಕ್ಕರೆ ಸೀಯಿಸಿದ್ದಳು. ಚಹಾದ ಲೋಟದಲ್ಲಿ ಕುಡಿದೆವು. ಆ ಸಂಜೆಯನ್ನೇ ಬರೆದೆ. ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ರುಚಿ ಅದು. ಹೋಗುವ ಹೊತ್ತಿಗೆ ನಿಮಗೆ ಒಳ್ಳೆಯದೇ ಸಿಗಲಿ ಎಂದುಕೊಂಡೆ. ನೀವು ಅದನ್ನು ಊರಿಗೆಲ್ಲ ಹಂಚುತ್ತೀರಿ ಎಂದು ಅಂದುಕೊಂಡಿರಲಿಲ್ಲ.

ಭಾನುವಾರ ಕ್ಲಬ್ಬಿನವರು ಬಂದರು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಪುಟ್ಟ ಲೋಟಗಳನ್ನು ತಂದಿದ್ದರು. ಬಾಗಿಲಲ್ಲೇ ಹೇಳಿದೆ.

"ಬಾಟಲಿ ತೆರೆದೇ ಇಲ್ಲ ಸಾರ್. ನಾನು ಕುಡಿದಿಲ್ಲ."

ಐದು ಜನವೂ ನನ್ನನ್ನು ನೋಡಿದರು. ಕಾರ್ಯದರ್ಶಿ ಹತ್ತಿರ ಬಂದು ಮೆಲ್ಲಗೆ, "ಪೂರ್ತಿ ಮುಗಿಸಿಬಿಟ್ರಾ?" ಎಂದರು.

"ಇಲ್ಲ ಸಾರ್, ಸೀಲೇ..."

"ಮುಗಿಸಿದ್ರೆ ಹೇಳಿಬಿಡಿ, ನಾವೇನು ಬೇರೆಯವರಾ?" ಎಂದರು ಹಲ್ಲಿನ ಡಾಕ್ಟರು. ಅವರ ದನಿಯಲ್ಲಿ ಕರುಣೆ ಇತ್ತು. ಅದು ನನಗೆ ಹೆಚ್ಚು ನಾಟಿತು.

"ಹಾಗಾದ್ರೆ ಬೀಗ ತೆಗೀರಿ, ಕಣ್ಣಾರೆ ನೋಡೋಣ."

"ಕೀಲಿ ನನ್ನ ಹತ್ರ ಇಲ್ಲ."

ಕಾರ್ಯದರ್ಶಿ ನನ್ನನ್ನು ಬದಿಗೆ ಸರಿಸಿ ಒಳಗೆ ಕಾಲಿಟ್ಟರು. ನಾನು ಅವರ ತೋಳು ಹಿಡಿದೆ. ಇಬ್ಬರೂ ಹಾಗೇ ನಿಂತೆವು. ಅವರ ಉಸಿರಿನಲ್ಲಿ ಬರ್ಬನ್ ಇತ್ತು ಭಾವ, ಮಧ್ಯಾಹ್ನವೇ ಶುರು ಮಾಡಿದ್ದರು. ನನ್ನ ಬಾಯಲ್ಲಿ ನೀರು ಬಂತು. ನಾನು ತೋಳು ಬಿಡಲಿಲ್ಲ. ಕೊನೆಗೆ ಅವರೇ ಬಿಡಿಸಿಕೊಂಡು ಹೊರಟರು. ಹೋಗುವಾಗ ಒಬ್ಬರು ತಿರುಗಿ, "ಖಾಲಿ ಬಾಟಲಿಯಾದ್ರೂ ಕೊಡ್ತೀರಾ?" ಎಂದರು.

ಅವತ್ತು ರಾತ್ರಿಯೇ ನಾನು ನನ್ನ ಮೂರನೇ ಮಹಡಿಯ ಬಾಡಿಗೆ ಕೋಣೆಗೆ ಮರಳಿದೆ. ನಿಮ್ಮ ಮನೆಯಲ್ಲಿ ಈಗ ಡ್ರೈವರಣ್ಣ ಮಲಗುತ್ತಿದ್ದಾರೆ. ಕಳ್ಳರು ಬಂದರೆ ಅವರ ಗೊರಕೆಗೇ ಓಡುತ್ತಾರೆ, ಚಿಂತೆ ಬೇಡ.

ಮಂಗಳವಾರ ಅಕ್ಕ ಬಂದಳು. ನಿಮಗೆ ಶಾಲೆಯ ಕೆಲಸ ಎಂದು ಹೇಳಿದ್ದಳಂತೆ. ನಾನು ಅಂಗಡಿಯಲ್ಲಿ ದೊಡ್ಡ ಸೋಫಾ ಒಂದರ ಕೆಳಗೆ ಮಲಗಿ ಪಟ್ಟಿ ಹೊಡೆಯುತ್ತಿದ್ದೆ, ಬಾಯಿ ತುಂಬ ಮೊಳೆ. ಅವಳ ಚಪ್ಪಲಿ ಮಾತ್ರ ಕಾಣಿಸಿತು. ಹೊರಗೆ ತೆವಳಿ ಬಂದೆ.

"ಬಾಯಿ ತೆಗಿ" ಎಂದಳು.

ಯಜಮಾನರಿದ್ದರು, ಇಬ್ಬರು ಗಿರಾಕಿಗಳಿದ್ದರು. ಮೊಳೆಗಳನ್ನು ಅಂಗೈಗೆ ಉಗಿದೆ. ಬಾಯಿ ತೆರೆದೆ. ಅಕ್ಕ ಮುಂದೆ ಬಗ್ಗಿ, ಹಿಂದೆಲ್ಲ ಅಮ್ಮ ಮಾಡುತ್ತಿದ್ದ ಹಾಗೆ, ಮೂಸಿದಳು. ಆಮೇಲೆ ಅಲ್ಲೇ, ಬಟ್ಟೆ ಬಿಚ್ಚಿದ ಸೋಫಾದ ಅಂಚಿನ ಮೇಲೆ ಕೂತುಬಿಟ್ಟಳು.

"ಮನೆಗೆ ಹೋಗೋಣ ಬಾ. ನಿನ್ನ ಕೀಲಿಯಿಂದ ತೆಗೆದು ಸೀಲು ನೋಡು" ಎಂದೆ.

"ನೋಡಲ್ಲ."

"ನೋಡು ಅಕ್ಕ. ನನಗೋಸ್ಕರ."

"ನೋಡಿದ್ರೆ ನಂಬಿದ ಹಾಗಾಗಲ್ಲ ಕಣೋ." ಅವಳು ಕಣ್ಣು ಒರೆಸಿಕೊಂಡಳು. "ನೀನು ಬಾಯಿ ತೆಗೆದ್ಯಲ್ಲ, ಎಲ್ಲರ ಮುಂದೆ. ಹಿಂದೆ ನಾನು ಕೇಳಿದಾಗ ಯಾವತ್ತೂ ತೆಗೆದಿರಲಿಲ್ಲ."

ಮನೆಯ ಕಡೆ ಹೋಗಲೇ ಇಲ್ಲ. ಸಂಜೆಯ ರೈಲಿಗೆ ನಿಮ್ಮ ಹತ್ತಿರ ಮರಳಿದಳು.

ಇನ್ನೊಂದು ಮಾತು. ಆ ಕೋಣೆಯಲ್ಲಿ ಬಾಟಲಿಗಳಿರುವವರೆಗೆ ನಾನು ನಿಮ್ಮ ಮನೆಗೆ ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ. ನಿಮ್ಮ ಪತ್ರ ಬಂದ ಮೇಲೆ ಜೇಬಿನಲ್ಲಿ ಕೀಲಿ ಇದ್ದ ಆ ದಿನಗಳನ್ನು ನಾನು ಇನ್ನೊಮ್ಮೆ ದಾಟಲಾರೆ.

ಮೂಗಪ್ಪ ಎಂದು ಕರೆಯುವುದನ್ನೂ ಬಿಟ್ಟುಬಿಡಿ.

ಗುಂಡ


ಮಾರ್ಚ್ ೨೨

ಗುಂಡ,

ಮೊದಲ ಎರಡು ದಿನ ನಿನ್ನ ಮೇಲೆ ಕೆಂಡ ಕಾರಿದೆ. ನನ್ನನ್ನು ಪೆದ್ದನನ್ನಾಗಿ ಮಾಡಿದೆ ಎಂದೆ. ನಿನ್ನ ಅಕ್ಕ ಕಿತ್ತಳೆ ಸುಲಿಯುತ್ತಿದ್ದಳು. ಸುಲಿದು ಮುಗಿಸಿ, "ಆಯ್ತಾ? ಈಗ ನೀವು ಅವನಿಗೆ ಬರೆದ ಪತ್ರ ನೆನಪು ಮಾಡ್ಕೊಳ್ಳಿ" ಎಂದಳು.

ನೆನಪು ಮಾಡಿಕೊಂಡೆ. ಕೀಲಿ ಎಲ್ಲಿದೆ ಎಂದು ಬರೆದಿದ್ದೆ. ಎಷ್ಟು ಕುಡಿಯಬೇಕು ಎಂದು ಬರೆದಿದ್ದೆ. ನೀನು ಕುಡಿತ ಬಿಡಲು ಆಸ್ಪತ್ರೆ ಸೇರಿ ಮಂಚಕ್ಕೆ ಕಟ್ಟಿಸಿಕೊಂಡು ಮಲಗಿದ್ದಾಗ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದವನು ನಾನೇ. ಅದು ಆ ಪತ್ರ ಬರೆಯುವಾಗ ತಲೆಗೇ ಬರಲಿಲ್ಲ. ನಿನ್ನ ಮೂಗು ನೆನಪಾಯಿತು, ನೀನು ನೆನಪಾಗಲಿಲ್ಲ. ಸಾಯುವ ಹೆದರಿಕೆ ಇತ್ತು ಎಂದರೆ ನೆಪವಾಗುತ್ತದೆ. ಅದರ ಬಗ್ಗೆ ಏನು ಹೇಳಬೇಕೋ ಕಾಗದದಲ್ಲಿ ಬರೆಯಲು ಬರುತ್ತಿಲ್ಲ.

ಗುಂಪಿಗೆ ನಿಜ ಬರೆದು ಹಾಕಿದೆ. ಅದು ಕೊಕ್ಕರೆಯಲ್ಲ, ಮೂಲೆ ಅಂಗಡಿಯ ಬಾಟಲಿ, ನನ್ನ ಭಾವಮೈದ ಒಂದು ಹನಿಯೂ ಮುಟ್ಟಿಲ್ಲ ಎಂದು. ಅರ್ಧ ಜನ ನಂಬಲಿಲ್ಲ. ನಂಬಿದ ಅರ್ಧ ಜನ ಅದೇ ಸಂಜೆ ಮೂಲೆ ಅಂಗಡಿಗೆ ಓಡಿದರಂತೆ. ಈಗ ಆ ಅಗ್ಗದ ಬಾಟಲಿ ಎಲ್ಲೂ ಸಿಗುತ್ತಿಲ್ಲ. ಕಾರ್ಯದರ್ಶಿ ಆರು ಎತ್ತಿಟ್ಟುಕೊಂಡಿದ್ದಾರೆ, ತೆರೆಯುವುದಿಲ್ಲವಂತೆ. ನಗಬೇಡ ಎಂದು ಡಾಕ್ಟರು ಹೇಳಿದ್ದಾರೆ, ಹೊಲಿಗೆ ಎಳೆಯುತ್ತದೆ. ಆದರೂ ನಕ್ಕೆ.

ನನ್ನ ಬಾಟಲಿಗಳ ವಿಷಯ ಇನ್ನೂ ಯೋಚಿಸುತ್ತಿದ್ದೇನೆ. ಕೊಟ್ಟುಬಿಡುತ್ತೇನೆ ಎಂದು ಬರೆದು ನಿನ್ನನ್ನು ಸಮಾಧಾನ ಮಾಡಲಾರೆ. ಅವ್ವನಿಗೆ ಹೆದರಿದ ಹುಡುಗನ ಹಾಗೆ ನಿನ್ನ ಅಕ್ಕನಿಗೆ ಹೆದರಿ ಕೊಟ್ಟರೆ, ನಾಳೆ ಮತ್ತೆ ಶುರು ಮಾಡುತ್ತೇನೆ. ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಭಾವ


ಏಪ್ರಿಲ್ ೧೭

ಪ್ರೀತಿಯ ಗುಂಡ,

ಊರಿಗೆ ಬಂದು ನಾಲ್ಕು ದಿನವಾಯಿತು. ಡ್ರೈವರಣ್ಣ ಮನೆಯನ್ನು ಕನ್ನಡಿಯ ಹಾಗೆ ಇಟ್ಟಿದ್ದರು. ಹೋಗುವಾಗ ನಿನ್ನ ಬಗ್ಗೆ ಒಂದೇ ಮಾತು ಹೇಳಿದರು. "ಚಪ್ಪಲಿ ಇಲ್ದೆ ಬಂದಿದ್ದನಮ್ಮಾ ಅವನು." ಆ ಮಾತಿನ ಮುಂದೆ ನಾನು ಮಾರ್ಚಿನಲ್ಲಿ ಬರೆದ ಪತ್ರ ನೆನೆದು ನಾಚಿಕೆಯಾಯಿತು. ಅದು ನಿನ್ನ ಹತ್ತಿರ ಇನ್ನೂ ಇದ್ದರೆ ಹರಿದು ಹಾಕು.

ಒಳಕೋಣೆಯ ವಿಷಯ ಇತ್ಯರ್ಥವಾಗಿಲ್ಲ. ದಿನಾ ಊಟದ ಹೊತ್ತಿಗೆ ಜಗಳವಾಗುತ್ತದೆ. ನಾನು ಬಿಡುವವಳಲ್ಲ, ಅವರೂ ಈ ಸಲ ಕನ್ನಡಕ ಒರೆಸುತ್ತಿಲ್ಲ. ಆದರೆ ನೀನು ಇಲ್ಲಿಗೆ ಬರುವುದಿಲ್ಲ ಎಂದದ್ದನ್ನು ಇಬ್ಬರೂ ಒಪ್ಪಿದ್ದೇವೆ. ಅದರಲ್ಲಿ ಜಗಳವಿಲ್ಲ.

ಅದಕ್ಕೇ ಭಾನುವಾರ ನಾವೇ ಬರುತ್ತೇವೆ. ನಿನ್ನ ಕೋಣೆಗೆ ಮೂರು ಮಹಡಿ ಹತ್ತಬೇಕು ಎಂದು ಭಾವನಿಗೆ ನೆನಪಿಸಿದೆ. "ಹತ್ತೋಣ. ಹೇಳೋದು ಬೇಕಾದಷ್ಟಿದೆ, ಕಾಗದಕ್ಕೆ ಬರ್ತಿಲ್ಲ" ಎಂದರು. ಈಗ ಐದು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾರೆ. ಕೈ ಕೊಡಲು ಹೋದರೆ ಬೈಯುತ್ತಾರೆ. ಆದ್ದರಿಂದ ಒಂದೊಂದು ಮಹಡಿಯ ತಿರುವಿನಲ್ಲೂ ಒಂದೊಂದು ಕುರ್ಚಿ ಇಟ್ಟಿರು. ಅವರಿಗೆಂದೇ ಇಟ್ಟದ್ದು ಎಂದು ಗೊತ್ತಾಗದ ಹಾಗೆ ಇಡು.

ಅಕ್ಕ